ಸಭೆ ಮನೆಗೆ ಬಂದಾಗ ಕ್ಲರ್ಕ್ ಪಕ್ಕದಲ್ಲಿ ಯಾರಿದ್ದರು?

ಸಭಿಕರ ಮುಂದೆ ನಾನು ಆಡಿದ ಮಾತಿನ ಬರಹ ಇದು. ಒಂದು ಹಾಳೆಯಿಂದ ಶುರು ಮಾಡುತ್ತೇನೆ. 2020ರ ಬೇಸಿಗೆಯ ಒಂದು ಸಂಜೆ ನಾನು ಪೆನ್ಸಿಲ್‌ನಲ್ಲಿ ಬರೆದ ಹಾಳೆ ಅದು, ಇವತ್ತಿಗೂ ನನ್ನ ಹತ್ತಿರ ಇದೆ. ಎಡಗಡೆ ಹನ್ನೆರಡು ಕೌನ್ಸಿಲರ್‌ಗಳ ಹೆಸರು, ಬಲಗಡೆ ಸಮಯ. ಒಬ್ಬರ ಹೆಸರಿನ ಮುಂದೆ "7:42 ಹೋದರು, 7:46 ಬಂದರು" ಅಂತ ಇದೆ. ಆ ನಾಲ್ಕು ನಿಮಿಷ ಅವರ ಮನೆಯ ಇಂಟರ್ನೆಟ್ ಕೈಕೊಟ್ಟಿತ್ತು. ಅದು ಇಂಗ್ಲೆಂಡಿನ ಒಂದು ಸ್ಥಳೀಯ ಆಡಳಿತ ಸಂಸ್ಥೆಯ, ಅಂದರೆ ಕೌನ್ಸಿಲ್‌ನ ಪ್ಲಾನಿಂಗ್ ಕಮಿಟಿ ಸಭೆ; ಕೊರೊನಾ ಕಾರಣ ಎಲ್ಲರೂ ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಿದ್ದರು, ಸಭೆ ನಡೆಸಿಕೊಡುವ ಕ್ಲರ್ಕ್ ನಾನು. ಒಂದು ಮನೆಯ ಹಿತ್ತಲಲ್ಲಿ ಎರಡಂತಸ್ತಿನ ಕಟ್ಟಡಕ್ಕೆ ಅನುಮತಿ ಕೊಡಬೇಕೋ ಬೇಡವೋ ಅನ್ನೋದು ವಿಷಯ. ಚರ್ಚೆಯನ್ನು ಮೊದಲಿಂದ ಕೊನೆವರೆಗೆ ಕೇಳಿದವರು ಮಾತ್ರ ವೋಟು ಹಾಕಬೇಕು ಅಂತ ನಮ್ಮ ಕೌನ್ಸಿಲ್‌ನ ನಿಯಮ ಇತ್ತು. ಅವರು ವಾಪಸ್ ಬಂದು ವೋಟಿಗೆ ತಯಾರಾಗಿ ಕೂತಿದ್ದರು. ತಾವು ಹೋಗಿದ್ದೇ ಅವರಿಗೆ ಗೊತ್ತಾಗಿರಲಿಲ್ಲ, ಎಲ್ಲರೂ ಸ್ವಲ್ಪ ಹೊತ್ತು ಸುಮ್ನೆ ಇದ್ದಾರೆ ಅಂದುಕೊಂಡಿದ್ದರಂತೆ. ನಾನು ಹಾಳೆ ನೋಡಿಕೊಂಡು ಅಧ್ಯಕ್ಷರಿಗೆ ಮೆಸೇಜ್ ಮಾಡಿದೆ. ಅವರು ಅದನ್ನು ಸಭೆಯಲ್ಲಿ ಹೇಳಿದರು. ಆ ಕೌನ್ಸಿಲರ್ ವೋಟು ಹಾಕಲಿಲ್ಲ. ಅರ್ಜಿ 6ಕ್ಕೆ 5 ವೋಟಿನಿಂದ ಬಿದ್ದುಹೋಯಿತು.

ಅವರು ವೋಟು ಹಾಕಿದ್ದರೆ 6ಕ್ಕೆ 6 ಆಗಬಹುದಿತ್ತು. ಆಮೇಲೆ ಯಾರಾದರೂ ರೆಕಾರ್ಡಿಂಗ್ ನೋಡಿ, ನಾಲ್ಕು ನಿಮಿಷ ಅವರ ಮುಖವೇ ಇರಲಿಲ್ಲವಲ್ಲ ಅಂತ ಕೋರ್ಟಿಗೆ ಹೋಗಬಹುದಿತ್ತು. ಅದನ್ನು ತಪ್ಪಿಸಿದ್ದು ಒಂದು ಪೆನ್ಸಿಲ್ ಗುರುತು. ಆ ಗುರುತು ಹಾಕಿದ ಹೊತ್ತಲ್ಲೇ ನಾನು ಇನ್ನೂ ನಾಲ್ಕು ಕೆಲಸ ಮಾಡುತ್ತಿದ್ದೆ: ನಕ್ಷೆಗಳ ಪರದೆ ಬದಲಿಸೋದು, ಮುಂದಿನ ವಿಷಯದ ಮೇಲೆ ಮಾತಾಡಬೇಕಿದ್ದ ನಿವಾಸಿಗೆ ಫೋನಲ್ಲಿ ದಾರಿ ಹೇಳೋದು, ಲೈವ್ ಹೋಗುತ್ತಿದೆಯಾ ಅಂತ ನೋಡೋದು, ನಡಾವಳಿ ಬರೆಯೋದು. ಆ ಸಂಜೆ ಅದೃಷ್ಟ ನನ್ನ ಕಡೆ ಇತ್ತು. ಅದೃಷ್ಟವನ್ನು ನಂಬಿಕೊಂಡು ಸಭೆ ನಡೆಸಬಾರದು ಅನ್ನೋದೇ ಇವತ್ತಿನ ನನ್ನ ಮಾತು.

ನಾನು ಕೆಲಸ ಮಾಡಿದ ವಿಭಾಗದ ಹೆಸರು ಡೆಮಾಕ್ರಟಿಕ್ ಸರ್ವೀಸಸ್. ಬ್ರಿಟನ್ನಿನ ಕೌನ್ಸಿಲ್‌ಗಳಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಹೆಸರು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅಜೆಂಡಾ ಮಾಡೋದು, ಅದನ್ನು ಸಭೆಗೆ ಪೂರ್ತಿ ಐದು ದಿನ ಮೊದಲೇ ಜನರ ಮುಂದಿಡೋದು (ನೋಟಿಸ್ ಕೊಟ್ಟ ದಿನ, ಸಭೆಯ ದಿನ ಎರಡೂ ಲೆಕ್ಕಕ್ಕಿಲ್ಲ), ಕೋರಂ (ಸಭೆಗೆ ಬೇಕಾದ ಕನಿಷ್ಠ ಸದಸ್ಯರು) ಇದೆಯಾ ನೋಡೋದು, ಯಾವ ನಿಯಮ ಏನು ಹೇಳುತ್ತೆ ಅಂತ ಅಧ್ಯಕ್ಷರ ಕಿವಿಯಲ್ಲಿ ಹೇಳೋದು, ತೀರ್ಮಾನ ಬರೆದಿಡೋದು. ಜಿಲ್ಲಾ ಮಟ್ಟದ ಚಿಕ್ಕ ಕೌನ್ಸಿಲ್ ಆದರೆ ಮೂರು ನಾಲ್ಕು ಜನರ ತಂಡ. ಇನ್ನೂ ಕೆಳಗೆ ಹಳ್ಳಿ, ಸಣ್ಣ ಊರುಗಳ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳಿವೆ, ಇಂಗ್ಲೆಂಡ್ ಒಂದರಲ್ಲೇ ಸುಮಾರು 10,000. ಅವುಗಳಲ್ಲಿ ಎಷ್ಟೋ ಕಡೆ ಇರೋದು ಒಬ್ಬರೇ ಕ್ಲರ್ಕ್, ಅದೂ ಅರೆಕಾಲಿಕ.

2020ರ ಮಾರ್ಚ್ 23ಕ್ಕೆ ಲಾಕ್‌ಡೌನ್ ಘೋಷಣೆ ಆಯಿತು. ಮಾರ್ಚ್ 25ಕ್ಕೆ ಕೊರೊನಾವೈರಸ್ ಕಾಯ್ದೆ ಬಂತು, ಅದರ 78ನೇ ಸೆಕ್ಷನ್ ಕೆಳಗೆ ಮಾಡಿದ ನಿಯಮಗಳು ಏಪ್ರಿಲ್ 4ರಿಂದ ಜಾರಿಯಾದವು. ಅದುವರೆಗೆ 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಕೌನ್ಸಿಲರ್ ಸಭೆಗೆ ಬರೋದು ಅಂದ್ರೆ ಸಭೆ ನಡೆಯುವ ಕೋಣೆಗೆ ಬರೋದು ಅಂತಲೇ ಎಲ್ಲರೂ ತಿಳಿದಿದ್ದರು. ಹೊಸ ನಿಯಮ ಸಭೆ ನಡೆಯುವ 'ಜಾಗ' ಅನ್ನೋ ಪದಕ್ಕೇ ಹೊಸ ಅರ್ಥ ಕೊಟ್ಟಿತು: ವೆಬ್ ವಿಳಾಸವೂ ಜಾಗ, ಕಾನ್ಫರೆನ್ಸ್ ಕಾಲ್‌ನ ಫೋನ್ ನಂಬರೂ ಜಾಗ. ದೂರದಿಂದ ಸೇರಿದ ಸದಸ್ಯರಿಗೆ ಬೇರೆಯವರ ಮಾತು ಕೇಳಿಸಬೇಕು, ಅವರ ಮಾತು ಬೇರೆಯವರಿಗೆ ಕೇಳಿಸಬೇಕು, ಸಾಧ್ಯವಾದರೆ ಮುಖವೂ ಕಾಣಬೇಕು. ಸಭೆಗೆ ಬರುವ ಜನರಿಗೂ ಕೇಳಿಸಬೇಕು. ನನಗೆ ಈ ನಿಯಮದ ಮೇಲೆ ಗೌರವ ಇದೆ. ಹತ್ತು ದಿನದಲ್ಲಿ ಬರೆದದ್ದಾದರೂ ಕೇಳಿಸೋದನ್ನು ಮುಂದಿಟ್ಟು, ಕಾಣಿಸೋದನ್ನು ಹಿಂದಿಟ್ಟಿದ್ದು ಸರಿಯಾದ ಯೋಚನೆ. ಕ್ಯಾಮೆರಾ ಇಲ್ಲದೆ ಸಭೆ ನಡೆಯುತ್ತೆ, ದನಿ ಇಲ್ಲದೆ ನಡೆಯಲ್ಲ.

ಆದರೆ ಆ ನಿಯಮದಲ್ಲಿ ಕೌನ್ಸಿಲರ್ ಇದ್ದಾರೆ, ಜನ ಇದ್ದಾರೆ, ಪತ್ರಕರ್ತರಿದ್ದಾರೆ. ಇದೆಲ್ಲ ಕೇಳಿಸೋ ಹಾಗೆ ಮಾಡುವವರು ಯಾರು, ಎಷ್ಟು ಜನ, ಅವರ ಮನೆಯಲ್ಲಿ ಏನಿದೆ ಏನಿಲ್ಲ ಅನ್ನೋ ಮಾತು ಎಲ್ಲೂ ಇಲ್ಲ. ಕಾನೂನಿನಲ್ಲಿ ಅದು ಇರಬೇಕು ಅಂತಲೂ ನಾನು ಹೇಳುತ್ತಿಲ್ಲ. ಅದನ್ನು ಯೋಚಿಸಬೇಕಾದದ್ದು ಆಯಾ ಕೌನ್ಸಿಲ್.

ಟೌನ್ ಹಾಲ್‌ನಲ್ಲಿ ಸಭೆ ಇದ್ದಾಗ ಸಹಾಯ ಸುತ್ತಲೂ ಇರುತ್ತೆ, ನಮಗೆ ಅದು ಕಾಣೋದೇ ಇಲ್ಲ. ಬಾಗಿಲಲ್ಲಿ ಒಬ್ಬರು ನಿಂತು ಬಂದವರಿಗೆ ಕುರ್ಚಿ ತೋರಿಸುತ್ತಾರೆ. ಮೈಕ್ ಕೆಟ್ಟರೆ ಇನ್ನೊಬ್ಬರು ಓಡಿ ಬರುತ್ತಾರೆ. ವಕೀಲರು ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ, ಒಂದು ಚೀಟಿ ಸರಿಸಿದರೆ ಸಾಕು. ಯಾರು ಎದ್ದು ಹೋದರು ಅನ್ನೋದು ಬಾಗಿಲ ಸದ್ದಿನಿಂದಲೇ ಗೊತ್ತಾಗುತ್ತೆ. ಸಭೆ ಮನೆಗೆ ಬಂದಾಗ ಬಾಗಿಲು, ಮೈಕ್, ಚೀಟಿ, ಕುರ್ಚಿ ಎಲ್ಲವೂ ಒಬ್ಬರ ಲ್ಯಾಪ್‌ಟಾಪ್ ಒಳಗೆ ಸೇರಿಕೊಂಡವು. ಹೊರಗಿಂದ ನೋಡುವವರಿಗೆ, "ಏನಪ್ಪಾ, ಲಿಂಕ್ ಕಳಿಸಿದರೆ ಆಯ್ತು, ಸುಲಭ ಅಲ್ವಾ" ಅನಿಸುತ್ತಿತ್ತು.

ನಮ್ಮಲ್ಲಿ ಮೊದಲ ಆರು ವಾರ ಒಂದು ಸಭೆಗೆ ಒಬ್ಬರೇ. ಪ್ಲಾನಿಂಗ್ ಕಮಿಟಿಯ ಆ ಸಂಜೆ ಆದಮೇಲೆ ನಾನು ಮೇಲಧಿಕಾರಿಗೆ ಹೇಳಿದೆ, ಇನ್ನು ಮುಂದೆ ಒಬ್ಬಳೇ ಮಾಡಲ್ಲ ಅಂತ. ಜಗಳ ಆಗಲಿಲ್ಲ, ಅವರೂ ಆ ರೆಕಾರ್ಡಿಂಗ್ ನೋಡಿದ್ದರು. ಅಲ್ಲಿಂದ ಇಬ್ಬರಾದೆವು. ಒಬ್ಬರು ಕ್ಲರ್ಕ್: ಕಿವಿ ಸಭೆಯ ಕಡೆ, ಕೈ ನಡಾವಳಿಯ ಮೇಲೆ, ಕಣ್ಣು ಅಧ್ಯಕ್ಷರ ಮೇಲೆ. ಇನ್ನೊಬ್ಬರಿಗೆ ನಾವು ಬಾಗಿಲು ಅಂತಲೇ ಕರೆಯುತ್ತಿದ್ದೆವು: "ಇವತ್ತು ಬಾಗಿಲು ಯಾರು?" ಲಾಬಿಯಿಂದ, ಅಂದರೆ ಆನ್‌ಲೈನ್‌ನಲ್ಲಿ ಕಾಯುವ ಜಾಗದಿಂದ, ಜನರನ್ನು ಒಳಗೆ ಬಿಡೋದು, ಮ್ಯೂಟ್ ಮಾಡೋದು, ಯಾರು ಯಾವಾಗ ಕಡಿದುಹೋದರು ಅಂತ ಬರೆಯೋದು, ಲೈವ್ ನೋಡಿಕೊಳ್ಳೋದು ಅವರ ಪಾಲು. ಬಾಗಿಲಿನವರು ಇದೇ ತಂಡದವರಾಗಬೇಕಿಲ್ಲ. ನಮ್ಮಲ್ಲಿ ಲೈಬ್ರರಿ ಮುಚ್ಚಿತ್ತು. ಅಲ್ಲಿನ ಸಿಬ್ಬಂದಿ ಒಬ್ಬರು ಬಂದು ಎರಡೇ ಸಭೆಯಲ್ಲಿ ಈ ಕೆಲಸ ಕಲಿತರು, ಆಮೇಲೆ ನಮಗೇ ಹೇಳಿಕೊಡುವಷ್ಟಾದರು. ಹೊಸ ಸಾಫ್ಟ್‌ವೇರ್‌ಗೆ ಹಣ ಇದೆ, ಇನ್ನೊಬ್ಬ ಮನುಷ್ಯರಿಗೆ ಹಣ ಇಲ್ಲ ಅನ್ನೋ ಮಾತು ಎಷ್ಟೋ ಕಡೆ ಕೇಳಿದ್ದೇನೆ. ನನ್ನ ಕೇಳಿದರೆ, ಇರುವ ಸಾಫ್ಟ್‌ವೇರ್ ಇಟ್ಟುಕೊಂಡು ಆ ಇನ್ನೊಬ್ಬರನ್ನು ಕೊಡಿ.

ವೋಟಿನ ವಿಷಯಕ್ಕೆ ಬರುತ್ತೇನೆ. ಹಾಲ್‌ನಲ್ಲಿ ಕೈ ಎತ್ತಿದರೆ ಎಣಿಸಬಹುದು. ಪರದೆಯಲ್ಲಿ ಅರ್ಧ ಜನರ ಕ್ಯಾಮೆರಾ ಇನ್ನೊಂದು ಪುಟದಲ್ಲಿರುತ್ತೆ, ಎತ್ತಿದ ಕೈ ಚೌಕಟ್ಟಿನಿಂದ ಆಚೆ ಹೋಗಿರುತ್ತೆ. ಹಾಗಾಗಿ ಒಬ್ಬೊಬ್ಬರ ಹೆಸರು ಕರೆದು ಕೇಳುವ ಪದ್ಧತಿ ತಂದೆವು. ಪೂರ್ಣ ಕೌನ್ಸಿಲ್ ಸಭೆಯಲ್ಲಿ ಒಂದು ವೋಟಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಬೇಸರ ಪಟ್ಟುಕೊಂಡ ಕೌನ್ಸಿಲರ್‌ಗಳಿದ್ದರು. ಆದರೆ ಮನೆಯಿಂದ ನೋಡುತ್ತಿದ್ದ ಜನರಿಗೆ ತಮ್ಮ ಕೌನ್ಸಿಲರ್ ಯಾವ ಕಡೆ ಅಂತ ಮೊದಲ ಸಲ ಕಿವಿಯಾರೆ ಕೇಳಿಸಿತು. ಸಭೆಗಳಿಗೆ ಜನ ಬರಬಹುದು ಅನ್ನುವ 1960ರ ಕಾಯ್ದೆ ಇದೆ. ಮಾರ್ಗರೆಟ್ ಥ್ಯಾಚರ್ ಹೊಸದಾಗಿ ಸಂಸದೆ ಆಗಿದ್ದಾಗ ತಂದದ್ದು ಅದು. ಅಷ್ಟು ವರ್ಷದಿಂದ ಹಕ್ಕಿದ್ದರೂ ನಮ್ಮ ಗ್ಯಾಲರಿಯಲ್ಲಿ ಸಾಮಾನ್ಯ ದಿನ ಮೂರು ಜನ ಇರುತ್ತಿದ್ದರು. ರಿಮೋಟ್ ಆದಾಗ ಕೆಲವು ಸಂಜೆ ನೂರು ದಾಟುತ್ತಿತ್ತು. ಇದನ್ನು ನೆನೆಸಿಕೊಂಡರೆ ಆ ಹತ್ತು ನಿಮಿಷ ಜಾಸ್ತಿ ಅನಿಸಲ್ಲ.

ಫೋನಿನಲ್ಲಿ ಸೇರಿದ ಒಬ್ಬ ಹಿರಿಯ ಮಹಿಳೆಯ ಬಗ್ಗೆ ಹೇಳಲೇಬೇಕು. ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ, ಗೋಡೆಯ ಲ್ಯಾಂಡ್‌ಲೈನ್ ಅಷ್ಟೇ. ತಮ್ಮ ಬೀದಿಯ ಒಂದು ಅರ್ಜಿಯ ವಿರುದ್ಧ ಮಾತಾಡಲು ಅವರಿಗೆ ಮೂರು ನಿಮಿಷ ಸಿಕ್ಕಿತ್ತು. ಸಭೆಯ ದಿನ ಮಧ್ಯಾಹ್ನ ನಾನು ಅವರ ಜೊತೆ ಅಭ್ಯಾಸ ಮಾಡಿದೆ. ಫೋನಿನವರು ಮ್ಯೂಟ್ ತೆಗೆಯಲು ನಕ್ಷತ್ರದ ಗುಂಡಿ ಒತ್ತಿ ಆಮೇಲೆ ಆರು ಒತ್ತಬೇಕು. "ನಕ್ಷತ್ರ ಯಾವುದಮ್ಮಾ?" ಅಂತ ಕೇಳಿದರು. ಕೆಳಗಿನ ಸಾಲಿನಲ್ಲಿ, ಸೊನ್ನೆಯ ಎಡಗಡೆ ಅಂದೆ. ನಾಲ್ಕು ಸಲ ಮಾಡಿದೆವು. ಅವರು ಅದನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಕೊಂಡರು. ಸಂಜೆ ಅಧ್ಯಕ್ಷರು ಅವರ ಹೆಸರು ಕರೆದಾಗ ಎಂಟು ಸೆಕೆಂಡ್ ಏನೂ ಇಲ್ಲ. ಆ ಎಂಟು ಸೆಕೆಂಡ್ ನಾನು ಉಸಿರು ಬಿಟ್ಟಿಲ್ಲ. ಆಮೇಲೆ ಒಂದು ಸಣ್ಣ ಕ್ಲಿಕ್, "ನಮಸ್ಕಾರ, ನನ್ನ ದನಿ ಕೇಳಿಸ್ತಾ ಇದೆಯಾ?" ಅಂದರು. ಮೂರು ನಿಮಿಷ ಪೂರ್ತಿ ಮಾತಾಡಿದರು. ಆ ಮಧ್ಯಾಹ್ನದ ಇಪ್ಪತ್ತು ನಿಮಿಷ ಯಾವ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಇಂಥ ಇಪ್ಪತ್ತು ನಿಮಿಷಗಳಿಗೆ ಜಾಗ ಇಡದೆ ಸಭೆಯ ವೇಳಾಪಟ್ಟಿ ಮಾಡಿದರೆ ಅದು ಕ್ಲರ್ಕ್‌ನ ಊಟದ ಹೊತ್ತನ್ನು ತಿನ್ನುತ್ತೆ.

ಅಧ್ಯಕ್ಷರ ಜೊತೆ ಬೇರೆ ದಾರಿ ಇರಬೇಕು. ನಾವು ಇಬ್ಬರ ಫೋನಿನಲ್ಲಿ ಮೆಸೇಜ್ ಇಟ್ಟುಕೊಂಡಿದ್ದೆವು. ಸಭೆಯ ಚಾಟ್‌ನಲ್ಲಿ ಬರೆದರೆ ಎಲ್ಲರೂ ಓದುತ್ತಾರೆ. ಫೋನಿನಲ್ಲಿ ಬರೆದದ್ದೂ ಕೆಲಸದ ದಾಖಲೆಯೇ, ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾರಾದರೂ ಕೇಳಬಹುದು. ಆದ್ದರಿಂದ ಅದರಲ್ಲಿ ಕೆಲಸದ ಮಾತಷ್ಟೇ: "ಮುಂದೆ ಇವರು", "ಇವರ ದನಿ ಬರ್ತಿಲ್ಲ", "ಎರಡು ಗಂಟೆ ಆಯ್ತು, ವಿರಾಮ". ಇದರ ಜೊತೆಗೆ ಅಧ್ಯಕ್ಷರಿಗೆ ಒಂದು ಸ್ಕ್ರಿಪ್ಟ್, ದೊಡ್ಡ ಅಕ್ಷರದಲ್ಲಿ, ಕಾಗದದ ಮೇಲೆ, ಮನೆಗೆ ಅಂಚೆಯಲ್ಲಿ. ಒಂದೇ ಪರದೆಯಲ್ಲಿ ಮುಖಗಳನ್ನೂ ನೋಡಿ ಸ್ಕ್ರಿಪ್ಟನ್ನೂ ಓದೋದು ಯಾರಿಗೂ ಆಗಲ್ಲ. ಸಂಪರ್ಕ ಕಡಿದರೆ ಏನು ಹೇಳಬೇಕು, ಅಧ್ಯಕ್ಷರದ್ದೇ ಕಡಿದರೆ ಉಪಾಧ್ಯಕ್ಷರು ಏನು ಹೇಳಬೇಕು ಅನ್ನೋದನ್ನೂ ಅದರಲ್ಲೇ ಬರೆದಿದ್ದೆವು. ಒಂದು ಸಲ ಅದು ಆಯಿತು ಕೂಡ. ಉಪಾಧ್ಯಕ್ಷರು ಹಾಳೆ ತಿರುವಿ ಎರಡು ಸಾಲು ಓದಿದರು, ಸಭೆ ಮುಂದುವರಿಯಿತು.

ನನಗೆ ಅತಿ ಹೆಚ್ಚು ಭಯ ಇದ್ದದ್ದು ಗುಟ್ಟಿನ ಭಾಗದ ಬಗ್ಗೆ. ಯಾರದೋ ನೌಕರಿ ವಿಷಯ, ಯಾವುದೋ ಜಮೀನಿನ ಬೆಲೆ ಬಂದಾಗ ಕಾನೂನು ಪ್ರಕಾರ ಜನರನ್ನು ಹೊರಗೆ ಕಳಿಸಬಹುದು. ಹಾಲ್‌ನಲ್ಲಾದರೆ ಬಾಗಿಲು ಮುಚ್ಚಿದ್ದು ಕಣ್ಣಿಗೆ ಕಾಣುತ್ತೆ. ಲೈವ್‌ನಲ್ಲಿ ನಿಲ್ಲಿಸುವ ಗುಂಡಿ ಒತ್ತಿದ ಮೇಲೂ ಹೊರಗಿನವರಿಗೆ ಅರ್ಧ ನಿಮಿಷ ಹಳೆಯದು ಓಡುತ್ತಿರುತ್ತೆ, ನಿಂತಿದೆಯೋ ಇಲ್ಲವೋ ಅಂತ ಒಳಗಿದ್ದವರಿಗೆ ತಿಳಿಯಲ್ಲ. ನಾವು ಎರಡು ಮಾಡಿದೆವು. ಗುಟ್ಟಿನ ಭಾಗಕ್ಕೆ ಬೇರೆಯೇ ಲಿಂಕ್, ಎಲ್ಲರೂ ಇಲ್ಲಿಂದ ಎದ್ದು ಅಲ್ಲಿಗೆ ಬರಬೇಕು. ಬಾಗಿಲಿನವರು ಬೇರೆ ಫೋನಿನಲ್ಲಿ, ಸಾಮಾನ್ಯ ಜನ ನೋಡುವ ಹಾಗೆಯೇ ನೋಡಿ, "ಹೊರಗೆ ನಿಂತಿದೆ" ಅಂದ ಮೇಲಷ್ಟೇ ಶುರು. ಕೌನ್ಸಿಲರ್‌ಗಳು ಒಬ್ಬೊಬ್ಬರಾಗಿ, ನಮ್ಮ ಕೋಣೆಯಲ್ಲಿ ಬೇರೆ ಯಾರೂ ಇಲ್ಲ ಅಂತ ಹೇಳಬೇಕಿತ್ತು. ಚಿಕ್ಕ ಮನೆಯಲ್ಲಿ ಸಂಸಾರದ ಜೊತೆ ಇದ್ದವರಿಗೆ ಇದು ಸುಲಭವಾಗಿರಲಿಲ್ಲ. ಒಬ್ಬರು ಪ್ರತಿ ಸಲ ಕಾರಿನಲ್ಲಿ ಹೋಗಿ ಕೂತು ಸೇರುತ್ತಿದ್ದರು.

ಈಗ ಹ್ಯಾಂಡ್‌ಫರ್ತ್. ನಿಮ್ಮಲ್ಲಿ ಹಲವರು ಆ ವಿಡಿಯೋ ನೋಡಿರುತ್ತೀರಿ. ಚೆಶೈರ್‌ನ ಆ ಪ್ಯಾರಿಷ್ ಕೌನ್ಸಿಲ್‌ನ ಸಭೆ ನಡೆದದ್ದು 2020ರ ಡಿಸೆಂಬರ್ 10ಕ್ಕೆ, ಜಗತ್ತಿಗೆಲ್ಲ ಹರಡಿದ್ದು 2021ರ ಫೆಬ್ರವರಿಯಲ್ಲಿ. ಜಾಕಿ ವೀವರ್ ಚೆಶೈರ್‌ನ ಸ್ಥಳೀಯ ಕೌನ್ಸಿಲ್‌ಗಳ ಸಂಘದಿಂದ ಸಭೆ ನಡೆಸಿಕೊಡಲು ಬಂದಿದ್ದರು. "ನಿಮಗೆ ಇಲ್ಲಿ ಅಧಿಕಾರ ಇಲ್ಲ" ಅಂತ ಅಧ್ಯಕ್ಷರು ಅವರ ಮೇಲೆ ಕೂಗಾಡಿದರು. ವೀವರ್ ಆ ಅಧ್ಯಕ್ಷರನ್ನೇ ವೇಟಿಂಗ್ ರೂಮಿಗೆ ಕಳಿಸಿದರು. ಜನ ನಕ್ಕರು. ನನಗೆ ನಗು ಬರಲಿಲ್ಲ, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನನಗೆ ಅಲ್ಲಿ ಕಂಡದ್ದು ಕೂಗಾಟದ ನಡುವೆ ಕೂತ ಒಬ್ಬ ಮಹಿಳೆ, ಎದುರಿಗೆ ಒಂದು ಗುಂಡಿ, ಒತ್ತಬಹುದಾ ಅಂತ ಅವರು ಅಲ್ಲೇ, ಆ ಕ್ಷಣದಲ್ಲೇ ತೀರ್ಮಾನ ಮಾಡಬೇಕಿತ್ತು. ಮುಂದೆ ನಡೆದ ವಿಚಾರಣೆಯ ವರದಿ, ಹಾಗೆ ಹೊರಗೆ ಹಾಕಲು ಅವರಿಗೆ ವಿಧಿಪ್ರಕಾರ ಅಧಿಕಾರ ಇರಲಿಲ್ಲ ಅಂದಿತು, ಆದರೆ ಆಗಿನ ಪರಿಸ್ಥಿತಿಯಲ್ಲಿ ಅವರು ಯಾಕೆ ಹಾಗೆ ಮಾಡಿದರು ಅನ್ನೋದು ಅರ್ಥವಾಗುತ್ತೆ ಅಂತಲೂ ಹೇಳಿತು. ಯಾರು ಮ್ಯೂಟ್ ಮಾಡಬಹುದು, ಯಾರು ಹೊರಗೆ ಕಳಿಸಬಹುದು, ಅಧ್ಯಕ್ಷರೇ ಗಲಾಟೆಯ ಭಾಗವಾದರೆ ಆಗೇನು ಅನ್ನೋದನ್ನು ಕೌನ್ಸಿಲ್ ಮೊದಲೇ ವೋಟು ಹಾಕಿ ತನ್ನ ನಿಯಮಗಳಲ್ಲಿ ಬರೆದಿಡಬೇಕು. ಬರೆದಿಟ್ಟಿದ್ದರೆ ಕ್ಲರ್ಕ್ ಬರೀ ಆ ಸಾಲನ್ನು ಓದಿ ಹೇಳಿದರೆ ಸಾಕು. ಬರೆದಿಲ್ಲದಿದ್ದರೆ ಅದು ಅವರ ಮತ್ತು ಕೂಗುವವರ ನಡುವಿನ ಜಗಳ ಆಗಿಬಿಡುತ್ತೆ.

ಕೂಗಾಟ ಹಾಲ್‌ನಲ್ಲೂ ಇತ್ತು. ಆದರೆ ಹಾಲ್‌ನ ಕೂಗಾಟವನ್ನು ಹಾಲ್‌ನಲ್ಲೇ ಬಿಟ್ಟು, ಸಹೋದ್ಯೋಗಿಯ ಜೊತೆ ಕಾರ್ ಪಾರ್ಕ್‌ವರೆಗೆ ನಡೆದು, "ಅಬ್ಬಾ, ಏನಿದು ಇವತ್ತು" ಅಂತ ಹೇಳಿ ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಮನೆಯಲ್ಲಾದಾಗ ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಮಲಗುವ ಕೋಣೆ. ಆ ಮಾತುಗಳು ಅದೇ ಗೋಡೆಯೊಳಗೆ ಉಳಿಯುತ್ತವೆ. ನಮ್ಮ ತಂಡ ಕಂಡುಕೊಂಡ ಔಷಧ ತುಂಬಾ ಸರಳ. ಸಭೆ ಮುಗಿದ ಮೇಲೆ ಕ್ಲರ್ಕ್ ಮತ್ತು ಬಾಗಿಲಿನವರು ಹತ್ತು ನಿಮಿಷ ಫೋನಲ್ಲಿ ಮಾತಾಡೋದು. ಕೆಲಸದ ಮಾತೇ ಆಗಬೇಕಿಲ್ಲ. ತಡರಾತ್ರಿ ಸಭೆ ಆದರೆ ಮರುದಿನ ಬೆಳಗ್ಗೆ ಹತ್ತರ ಮೊದಲು ಯಾರೂ ಕರೆ ಮಾಡುವ ಹಾಗಿಲ್ಲ. ಸ್ವಂತ ಫೋನ್ ನಂಬರ್ ಕೌನ್ಸಿಲರ್‌ಗಳಿಗೆ ಕೊಡೋದು ನಿಲ್ಲಿಸಿ ಕಚೇರಿ ನಂಬರನ್ನೇ ಲ್ಯಾಪ್‌ಟಾಪಿಗೆ ತಿರುಗಿಸಿಕೊಂಡೆವು. ಅದಕ್ಕೂ ಮೊದಲು ಭಾನುವಾರ ರಾತ್ರಿ ಒಂಬತ್ತಕ್ಕೆ "ಪಾಸ್‌ವರ್ಡ್ ಮರೆತಿದ್ದೇನೆ" ಅನ್ನೋ ಕರೆಗಳು ಬರುತ್ತಿದ್ದವು. ಅವರ ತಪ್ಪು ಅಂತಲ್ಲ, ಬೇರೆ ಯಾರನ್ನು ಕೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ರೆಕಾರ್ಡಿಂಗ್ ಇದ್ದರೆ ನಡಾವಳಿ ಸುಲಭ ಅನ್ನೋರಿಗೆ ಒಂದು ಮಾತು. ಮೂರು ಗಂಟೆಯ ರೆಕಾರ್ಡಿಂಗ್ ಮತ್ತೆ ಕೇಳಲು ಮೂರು ಗಂಟೆ ಬೇಕು. ನಡಾವಳಿ ಅಂದ್ರೆ ಏನು ತೀರ್ಮಾನ ಆಯಿತು, ಯಾಕೆ ಆಯಿತು ಅನ್ನೋದರ ದಾಖಲೆ, ಯಾರು ಏನೆಲ್ಲ ಅಂದರು ಅನ್ನೋದರದ್ದಲ್ಲ. "ನಾನು ಹೇಳಿದ್ದು ಬಂದಿಲ್ಲ, ವಿಡಿಯೋ ನೋಡಿ ಸೇರಿಸಿ" ಅನ್ನೋ ಒತ್ತಡ ಬಂದಾಗ ಸಿಬ್ಬಂದಿಯ ಹಿಂದೆ ನಿಲ್ಲಬೇಕಾದವರು ಅವರ ಮೇಲಧಿಕಾರಿಗಳು.

ವೇಲ್ಸ್‌ನ ವಿಷಯ ನನಗೆ ತುಂಬಾ ಹತ್ತಿರದ್ದು. ಅಲ್ಲಿ 2011ರ ಕಾನೂನಿನ ಪ್ರಕಾರ ಪ್ರತಿ ಕೌಂಟಿ ಕೌನ್ಸಿಲ್‌ನಲ್ಲೂ ಡೆಮಾಕ್ರಟಿಕ್ ಸರ್ವೀಸಸ್‌ಗೆ ಒಬ್ಬ ಮುಖ್ಯಸ್ಥರು ಇರಲೇಬೇಕು, ಅವರಿಗೆ ಎಷ್ಟು ಸಿಬ್ಬಂದಿ ಬೇಕು ಅಂತ ವರದಿ ಮಾಡೋದೂ ಅವರ ಕೆಲಸ. ಅಂದರೆ ಈ ಕೆಲಸಕ್ಕೆ ಜನ ಬೇಕು ಅನ್ನೋದು ಕಾನೂನಿಗೇ ಗೊತ್ತಿದೆ. ಇನ್ನೊಂದು, ಭಾಷೆ. ಅಲ್ಲಿನ ಸಭೆಗಳಲ್ಲಿ ವೆಲ್ಷ್‌ನಲ್ಲಿ ಮಾತಾಡಿದರೆ ಕೂಡಲೇ ಇಂಗ್ಲಿಷಿಗೆ ಅನುವಾದ ಕಿವಿಗೆ ಬರುವ ವ್ಯವಸ್ಥೆ ಇರುತ್ತೆ. 2020ರಲ್ಲಿ ಝೂಮ್‌ನಲ್ಲಿ ಆ ಸೌಲಭ್ಯ ಇತ್ತು, ಟೀಮ್ಸ್‌ನಲ್ಲಿ ಇರಲಿಲ್ಲ. ವೆಲ್ಷ್ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಕೂತು ಕೆಲಸ ಮಾಡಿ, 2022ರಲ್ಲಿ ಅದು ಟೀಮ್ಸ್‌ಗೂ ಬಂತು. ಅದುವರೆಗೆ ಟೀಮ್ಸ್ ನಂಬಿದ್ದ ಕಡೆ, ಸಭೆಯಲ್ಲಿ ತನ್ನ ಭಾಷೆಯಲ್ಲಿ ಮಾತಾಡಬಹುದಾ ಇಲ್ಲವಾ ಅನ್ನೋದು ಒಂದು ಸಾಫ್ಟ್‌ವೇರ್‌ನ ಮೇಲೆ ನಿಂತಿತ್ತು. ಕನ್ನಡದವಳಾಗಿ ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತ್ತು.

ಇಂಗ್ಲೆಂಡಿನಲ್ಲಿ ಆ ನಿಯಮಗಳ ಆಯಸ್ಸು 2021ರ ಮೇ 7ಕ್ಕೆ ಮುಗಿಯಿತು. ಅದನ್ನು ತಡೆಯಲು ಹರ್ಟ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್ ಜೊತೆಗೆ ಕೌನ್ಸಿಲ್ ವಕೀಲರ ಸಂಘ ಮತ್ತು ನಮ್ಮಂಥ ಸಿಬ್ಬಂದಿಯ ಸಂಘವಾದ ಆಡ್ಸೊ ಹೈಕೋರ್ಟಿಗೆ ಹೋದವು. ಏಪ್ರಿಲ್ 28ಕ್ಕೆ ತೀರ್ಪು ಬಂತು: 1972ರ ಕಾಯ್ದೆಯಲ್ಲಿ ಸಭೆ ಅಂದ್ರೆ ಒಂದು ನಿಜವಾದ ಜಾಗದಲ್ಲಿ ನಡೆಯೋದು, ಬದಲಿಸಬೇಕಾದರೆ ಸಂಸತ್ತೇ ಬದಲಿಸಬೇಕು. ಉಳಿದದ್ದು ಒಂಬತ್ತು ದಿನ. ಅಷ್ಟರಲ್ಲಿ ದೂರ ದೂರ ಕೂರಿಸಲು ದೊಡ್ಡ ಹಾಲ್ ಹುಡುಕಿದವರೂ ಇದೇ ಸಿಬ್ಬಂದಿ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇತ್ತು, ವೇಲ್ಸ್ 2021ರ ಕಾಯ್ದೆಯಲ್ಲಿ ಶಾಶ್ವತ ಮಾಡಿಕೊಂಡಿತು. ಇಂಗ್ಲೆಂಡಿನ ಸರ್ಕಾರ 2024ರಲ್ಲಿ ಎಲ್ಲರ ಅಭಿಪ್ರಾಯ ಕೇಳಿ, ಕಾನೂನು ತರುತ್ತೇವೆ ಅಂತ 2025ರಲ್ಲಿ ಹೇಳಿತು.

ನಾನು ಅದನ್ನು ಮನಸಾರೆ ಬಯಸುತ್ತೇನೆ. ಚಿಕ್ಕ ಮಕ್ಕಳಿರುವವರು, ಗಾಲಿಕುರ್ಚಿಯಲ್ಲಿರುವವರು ಕೌನ್ಸಿಲರ್ ಆಗಲು ಅದು ದಾರಿ. ಆದರೆ ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ಹೈಬ್ರಿಡ್ ಸಭೆ ಸಿಬ್ಬಂದಿಗೆ ಎಲ್ಲಕ್ಕಿಂತ ಕಷ್ಟ. ಕೋಣೆಯ ಸ್ಪೀಕರ್ ದನಿ ಲ್ಯಾಪ್‌ಟಾಪ್ ಮೈಕಿಗೆ ಹೋಗಿ ಕೀರಲು ಸದ್ದು ಬರುತ್ತೆ. ಕೋಣೆಯಲ್ಲಿದ್ದವರು ಪರದೆಯಲ್ಲಿದ್ದವರನ್ನು ಮರೆಯುತ್ತಾರೆ. ಮೊದಲು ಯಾರು ಕೈ ಎತ್ತಿದರು ಅಂತ ಎರಡು ಕಡೆ ನೋಡಬೇಕು. ಅಲ್ಲಿ ಇಬ್ಬರು ಸಾಲಲ್ಲ, ಕೋಣೆಗೊಬ್ಬರು, ಪರದೆಗೊಬ್ಬರು, ನಡಾವಳಿಗೊಬ್ಬರು ಬೇಕು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು, ನಾಳೆಯೇ ರಿಮೋಟ್ ಸಭೆ ಮಾಡಿ ಅಂದರೆ ಮೊದಲು ಏನು ಮಾಡ್ತೀರಿ ಅಂತ. ನಾನು ಹೇಳಿದೆ: ಅಜೆಂಡಾ ಹೊರಡುವ ದಿನವೇ, ಐದು ದಿನ ಮೊದಲೇ, ಬಾಗಿಲು ಯಾರು ಅಂತ ಹೆಸರು ಬರೆಸಿಕೊಳ್ಳುತ್ತೇನೆ. ಆ ಹೆಸರು ಸಿಗುವವರೆಗೆ ಲಿಂಕ್ ಕಳಿಸಲ್ಲ. ಆಮೇಲೆ ಹಳೆಯ ಹಾಳೆಯ ಹಾಗೆಯೇ ಒಂದು ಹೊಸ ಹಾಳೆಗೆ ಗೆರೆ ಹಾಕಿ, ಪೆನ್ಸಿಲ್ ಸಮೇತ ಅವರ ಮನೆಗೆ ಅಂಚೆಯಲ್ಲಿ ಕಳಿಸುತ್ತೇನೆ.